ತಾನಾಗಿ ಆರುವ ಎಸ್‌ಎಂಪಿಎಸ್: ಒಂದು ರಕ್ಷಣೆಯ ಚರಿತ್ರೆ

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಲೋಹದ ಪೆಟ್ಟಿಗೆಗೆ ಭಾರತದ ರಿಪೇರಿ ಅಂಗಡಿಗಳಲ್ಲಿ ಇರುವ ಹೆಸರು ಎಸ್‌ಎಂಪಿಎಸ್, ಅಂದರೆ ಸ್ವಿಚ್ಡ್ ಮೋಡ್ ಪವರ್ ಸಪ್ಲೈ. ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟ್ ಎ.ಸಿ.ಯನ್ನು ಅದು 12, 5 ಮತ್ತು 3.3 ವೋಲ್ಟ್ ಡಿ.ಸಿ.ಯಾಗಿ ಇಳಿಸಿಕೊಡುತ್ತದೆ. ಕೆಲಸದ ನಡುವೆ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿಹೋದರೆ ಮೊದಲ ಅನುಮಾನ ಈ ಪೆಟ್ಟಿಗೆಯ ಮೇಲೆಯೇ ಬೀಳುತ್ತದೆ. ಆದರೆ ಹಾಗೆ ಆರಿದ ಸಪ್ಲೈ ಎಷ್ಟೋ ಸಲ ಕೆಟ್ಟಿರುವುದಿಲ್ಲ. ಅಪಾಯ ಕಂಡು ತನ್ನನ್ನು ತಾನೇ ನಿಲ್ಲಿಸಿಕೊಂಡಿರುತ್ತದೆ. ಹೀಗೆ ನಿಲ್ಲುವ ಗುಣ ಅದಕ್ಕೆ ಒಂದೇ ಸಲಕ್ಕೆ ಬಂದದ್ದಲ್ಲ. ನಾಲ್ಕು ದಶಕಗಳಿಗೂ ಮಿಕ್ಕ ಕಾಲದಲ್ಲಿ ಪದರಪದರವಾಗಿ ಸೇರಿಕೊಂಡದ್ದು. ದೋಷ ಹುಡುಕುವ ಕ್ರಮವೂ ಆ ಪದರಗಳ ಜೊತೆಜೊತೆಗೇ ಬೆಳೆಯಿತು.

1970ರ ದಶಕದ ಮೊದಲರ್ಧದಲ್ಲಿ ಸಣ್ಣ ಕಂಪ್ಯೂಟರುಗಳ ಸಪ್ಲೈ ಲೀನಿಯರ್ ಬಗೆಯದು. ಭಾರವಾದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತಿತ್ತು. ಹೆಚ್ಚಾಗಿ ಉಳಿದದ್ದನ್ನು ರೆಗ್ಯುಲೇಟರ್ ಶಾಖವಾಗಿ ಹೊರಹಾಕುತ್ತಿತ್ತು. 1975ರ ಆಲ್ಟೇರ್ 8800 ಇಂಥದೇ ಸಪ್ಲೈ ಮೇಲೆ ನಡೆಯಿತು. ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಸಾಗಿಸುವ ಸ್ವಿಚಿಂಗ್ ವಿಧಾನ ಆ ಹೊತ್ತಿಗಾಗಲೇ ಬಾಹ್ಯಾಕಾಶ ಯಂತ್ರಗಳಲ್ಲಿ, ದುಬಾರಿ ಉಪಕರಣಗಳಲ್ಲಿ ಬಳಕೆಯಲ್ಲಿತ್ತು. ಹೆಚ್ಚು ವೋಲ್ಟೇಜ್ ತಾಳಿಕೊಂಡು ವೇಗವಾಗಿ ಕೆಲಸ ಮಾಡುವ ಟ್ರಾನ್ಸಿಸ್ಟರುಗಳು ಅಗ್ಗವಾದವು. 1976ರಲ್ಲಿ ಸಿಲಿಕಾನ್ ಜನರಲ್ ಕಂಪನಿಯ ಎಸ್‌ಜಿ1524 ನಿಯಂತ್ರಣ ಚಿಪ್ ಬಂತು. ಅಲ್ಲಿಂದ ಈ ವಿಧಾನಕ್ಕೆ ಮನೆಯ ಕಂಪ್ಯೂಟರಿನ ಬಾಗಿಲು ತೆರೆಯಿತು. ಫ್ಯಾನ್ ಇಲ್ಲದ ಯಂತ್ರ ಬೇಕೆಂದು ಸ್ಟೀವ್ ಜಾಬ್ಸ್ ಹಟ ಹಿಡಿದಿದ್ದರಿಂದ ರಾಡ್ ಹೋಲ್ಟ್ 1977ರ ಆಪಲ್ 2ಕ್ಕೆ ಸ್ವಿಚಿಂಗ್ ಸಪ್ಲೈ ವಿನ್ಯಾಸಗೊಳಿಸಿದರು. ಈ ವಿಧಾನ ಹೋಲ್ಟ್ ಕಂಡುಹಿಡಿದದ್ದು ಎಂಬ ಮಾತು ಆಮೇಲೆ ಹಬ್ಬಿತು. ಅದು ಸರಿಯಲ್ಲ; ಇದ್ದ ವಿಧಾನವನ್ನು ಚಿಕ್ಕ ಪೆಟ್ಟಿಗೆಗೆ ಚೆನ್ನಾಗಿ ಹೊಂದಿಸಿದ್ದು ಅವರ ಸಾಧನೆ.

ಸ್ವಿಚಿಂಗ್ ಸಪ್ಲೈ ಹಗುರ, ತಂಪು. ಅದರ ಅಪಾಯ ಬೇರೆ ಕಡೆ ಇದೆ. ಹೊರಗೆ ಹೋಗುವ ವೋಲ್ಟೇಜನ್ನು ಅದು ಪ್ರತಿ ಕ್ಷಣವೂ ಅಳೆದು ತನ್ನನ್ನು ತಿದ್ದಿಕೊಳ್ಳುತ್ತದೆ. ಆ ಅಳತೆಯ ದಾರಿಯಲ್ಲಿ ಒಂದು ಬಿಡಿಭಾಗ ಕೆಟ್ಟರೂ 5 ವೋಲ್ಟಿನ ಲೈನ್ ಏರುತ್ತ ಹೋಗಿ ಬೋರ್ಡಿನ ಚಿಪ್ಪುಗಳನ್ನೆಲ್ಲ ಸುಡಬಲ್ಲದು. ಆದ್ದರಿಂದ ಪಹರೆ ಮೊದಲಿನಿಂದಲೇ ಬೇಕಾಯಿತು. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯ 63.5 ವ್ಯಾಟ್ ಸಪ್ಲೈ ವೋಲ್ಟೇಜ್ ಮಿತಿ ಮೀರಿದರೂ, ಕರೆಂಟ್ ಮಿತಿ ಮೀರಿದರೂ ನಿಲ್ಲುತ್ತಿತ್ತು. ಅದರಲ್ಲಿ ‘ಪವರ್ ಗುಡ್’ ಎಂಬ ಒಂದು ತಂತಿಯೂ ಇತ್ತು. ಎಲ್ಲ ವೋಲ್ಟೇಜುಗಳೂ ನೆಲೆ ನಿಂತ ಮೇಲಷ್ಟೇ ಅದರಲ್ಲಿ ಸಂಕೇತ ಬರುತ್ತದೆ; ಅಲ್ಲಿಯವರೆಗೆ ಪ್ರೊಸೆಸರ್ ರಿಸೆಟ್ ಸ್ಥಿತಿಯಲ್ಲೇ ಕಾಯುತ್ತದೆ. ನಡುವೆ ಆ ಸಂಕೇತ ತಪ್ಪಿದರೆ ಕಂಪ್ಯೂಟರ್ ಮರುಪ್ರಾರಂಭವಾಗುತ್ತದೆ. ಇಂದಿನ ಸಪ್ಲೈಯಲ್ಲೂ ಬೂದು ಬಣ್ಣದ ತಂತಿಯಾಗಿ ಅದೇ ಸಂಕೇತ ಉಳಿದಿದೆ.

ಹಾರ್ಡ್ ಡಿಸ್ಕ್ ಬಂದಂತೆ ಹಸಿವೂ ಬೆಳೆಯಿತು. 1983ರ ಪಿಸಿ ಎಕ್ಸ್‌ಟಿಗೆ 130 ವ್ಯಾಟ್, 1984ರ ಪಿಸಿ ಎಟಿಗೆ 192 ವ್ಯಾಟ್ ಬೇಕಾಯಿತು. ಎಟಿಯ ಸಪ್ಲೈಗೆ ಇನ್ನೊಂದು ಗುಣವಿತ್ತು: ತಕ್ಕಷ್ಟು ಲೋಡ್ ಇಲ್ಲದಿದ್ದರೆ ಅದು ಸರಿಯಾಗಿ ನಡೆಯುತ್ತಿರಲಿಲ್ಲ. ಹಾರ್ಡ್ ಡಿಸ್ಕ್ ಇಲ್ಲದ ಎಟಿ ಕೊಂಡವರ ಯಂತ್ರದಲ್ಲಿ ಡಿಸ್ಕಿನ ಜಾಗಕ್ಕೆ ಐಬಿಎಂ 5 ಓಮ್‌ನ ದಪ್ಪ ರೆಸಿಸ್ಟರನ್ನು ಕೂರಿಸಿ ಕಳಿಸುತ್ತಿತ್ತು. ಸಪ್ಲೈಯನ್ನು ಬೋರ್ಡಿನಿಂದ ಬಿಡಿಸಿ ಮೇಜಿನ ಮೇಲೆ ಒಂಟಿಯಾಗಿ ಪರೀಕ್ಷಿಸಿದರೆ ಸಿಗುವ ಫಲಿತಾಂಶ ನಂಬತಕ್ಕದ್ದಲ್ಲ ಎಂಬ ಪಾಠ ಆ ಕಾಲದ್ದು.

ಎಟಿ ಕಾಲದ ಸಪ್ಲೈಗೆ ನೇರವಾದ ಸ್ವಿಚ್ ಇತ್ತು. ಒತ್ತಿದರೆ 230 ವೋಲ್ಟೇ ಕಡಿಯುತ್ತಿತ್ತು. ಆಗ ತಾನಾಗಿ ಆರಲು ಇದ್ದ ಕಾರಣಗಳು ಕೆಲವೇ: ಎಲ್ಲೋ ಶಾರ್ಟ್, ಮಿತಿ ಮೀರಿದ ಲೋಡ್, ಸಪ್ಲೈಯದೇ ದೋಷ, ಇಲ್ಲವೇ ಸಾಕೆಟ್ಟಿನಲ್ಲೇ ಕರೆಂಟ್ ಇಲ್ಲದಿರುವುದು. ಒಂದೊಂದೇ ಡ್ರೈವ್, ಒಂದೊಂದೇ ಕಾರ್ಡ್ ಕಳಚಿ ನೋಡುವುದರಲ್ಲಿ ಪರೀಕ್ಷೆ ಬಹುಪಾಲು ಮುಗಿಯುತ್ತಿತ್ತು.

ಇಂಟೆಲ್ 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಮಾನದಂಡ ಈ ಸರಳತೆಯನ್ನು ಕೊನೆಗೊಳಿಸಿತು. ಕ್ಯಾಬಿನೆಟ್ಟಿನ ಮುಂದಿನ ಗುಂಡಿ ಇನ್ನು ಮುಖ್ಯ ವಿದ್ಯುತ್ತನ್ನು ಕಡಿಯುವುದಿಲ್ಲ; ಮದರ್‌ಬೋರ್ಡಿಗೆ ಕೋರಿಕೆ ಸಲ್ಲಿಸುತ್ತದೆ, ಅಷ್ಟೆ. ಮದರ್‌ಬೋರ್ಡ್ ಹಸಿರು ತಂತಿಯನ್ನು ಗ್ರೌಂಡಿಗೆ ಎಳೆದರೆ ಸಪ್ಲೈ ಹೊತ್ತಿಕೊಳ್ಳುತ್ತದೆ, ಬಿಟ್ಟರೆ ಆರುತ್ತದೆ. ಈ ಸಂಭಾಷಣೆ ನಡೆಯಲೆಂದೇ ಕೆನ್ನೀಲಿ ತಂತಿಯಲ್ಲಿ 5 ವೋಲ್ಟಿನ ಸ್ಟ್ಯಾಂಡ್‌ಬೈ ಸದಾ ಇರುತ್ತದೆ. ವಿಂಡೋಸ್ 95ರ ಬಳಕೆದಾರರು ಹಳೆಯ ಯಂತ್ರದಲ್ಲಿ ‘ಇನ್ನು ಕಂಪ್ಯೂಟರ್ ಆರಿಸಬಹುದು’ ಎಂಬ ಪರದೆಯನ್ನು ಕಂಡು ಕೈಯಾರೆ ಸ್ವಿಚ್ ಒತ್ತುತ್ತಿದ್ದರು. ಎಟಿಎಕ್ಸ್ ಯಂತ್ರದಲ್ಲಿ ಆ ಕೆಲಸವೂ ತಂತ್ರಾಂಶದ ಪಾಲಾಯಿತು.

ದೋಷ ಹುಡುಕುವವರ ಪಾಲಿಗೆ ಇದು ಈ ಚರಿತ್ರೆಯ ಅತಿ ದೊಡ್ಡ ತಿರುವು. ಅಲ್ಲಿಂದಾಚೆ ‘ಏಕೆ ಆರಿತು’ ಎಂಬ ಪ್ರಶ್ನೆಗೆ ಮೊದಲು ‘ಯಾರು ಆರಿಸಿದರು’ ಎಂದು ಕೇಳಬೇಕಾಯಿತು. ಸಪ್ಲೈ ತಾನೇ ನಿಂತಿರಬಹುದು, ಮದರ್‌ಬೋರ್ಡ್ ನಿಲ್ಲಿಸಿರಬಹುದು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಹೊರತಂದ ಎಸಿಪಿಐ ಎಂಬ ವಿದ್ಯುತ್ ನಿರ್ವಹಣೆಯ ನಿಯಮದಂತೆ ಗುಂಡಿಯನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಯಂತ್ರ ಬಲವಂತವಾಗಿ ಆರುತ್ತದೆ. ಧೂಳು ಹಿಡಿದು ಒಳಗೇ ಸಿಕ್ಕಿಕೊಂಡ ಗುಂಡಿಯೂ ಇದೇ ಆಜ್ಞೆ ಕೊಡುತ್ತದೆ. ಹೊತ್ತಿದ ಕೆಲವೇ ಸೆಕೆಂಡಿನಲ್ಲಿ ಪ್ರತಿ ಸಲವೂ ಆರುವ ಕಂಪ್ಯೂಟರಿನ ಸಪ್ಲೈಯನ್ನು ಬದಲಿಸುವ ಮೊದಲು ಗುಂಡಿಯ ತಂತಿಯನ್ನು ಬೋರ್ಡಿನಿಂದ ಕಿತ್ತು ನೋಡುವುದು ಜಾಣತನ. ಪ್ರೊಸೆಸರ್ ಕೂಡ ಇಂಥ ಆಜ್ಞೆ ಕೊಡಬಲ್ಲದು. ಪೆಂಟಿಯಂ ಕಾಲದ ಕೊನೆಯ ಹೊತ್ತಿಗೆ ಇಂಟೆಲ್ ಚಿಪ್ಪುಗಳಿಗೆ ಅತಿ ಶಾಖವಾದಾಗ ಸಂಕೇತ ಕೊಡುವ ಪ್ರತ್ಯೇಕ ಪಿನ್ ಬಂದಿತ್ತು. 2001ರಲ್ಲಿ ಒಂದು ಜಾಲತಾಣ ಚಾಲನೆಯಲ್ಲಿದ್ದ ಪ್ರೊಸೆಸರುಗಳ ಮೇಲಿನ ಹೀಟ್‌ಸಿಂಕ್ ಕಿತ್ತು ಚಿತ್ರೀಕರಿಸಿತು. ಪೆಂಟಿಯಂ 4 ನಿಧಾನಗೊಂಡು ಬದುಕಿಕೊಂಡಿತು, ಅಥ್ಲಾನ್ ಹೊಗೆಯೆದ್ದು ಸುಟ್ಟುಹೋಯಿತು. ಆ ಚಿತ್ರ ಕಂಡವರಿಗೆ ಶಾಖದ ಕಾವಲು ಏಕೆ ಬೇಕೆಂದು ಬೇರೆ ಹೇಳಬೇಕಾಗಿರಲಿಲ್ಲ.

ಸಪ್ಲೈ, ಮದರ್‌ಬೋರ್ಡ್ ಇವೆರಡರಲ್ಲಿ ಯಾವುದು ಆರಿಸಿದ್ದೆಂದು ತಿಳಿಯಲು ಒಂದು ಸುಳುಹು ಇದೆ. ಮಿತಿ ಮೀರಿದ ವೋಲ್ಟೇಜ್ ಅಥವಾ ಶಾರ್ಟ್ ಕಂಡು ನಿಂತ ಎಟಿಎಕ್ಸ್ ಸಪ್ಲೈ ಸಾಮಾನ್ಯವಾಗಿ ಆ ಸ್ಥಿತಿಯಲ್ಲೇ ಬೀಗ ಹಾಕಿಕೊಳ್ಳುತ್ತದೆ. ಆಗ ಗುಂಡಿ ಒತ್ತಿದರೂ ಎಷ್ಟೋ ಸಲ ಏಳುವುದಿಲ್ಲ. ಹಿಂದಿನ ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಏಳುತ್ತದೆ. ಬೋರ್ಡೇ ಆರಿಸಿದ್ದರೆ ಪ್ರೊಸೆಸರ್ ತಣ್ಣಗಾದ ಮೇಲೆ ಗುಂಡಿಗೇ ಓಗೊಡುತ್ತದೆ. ವಿಂಡೋಸ್ 7ರಿಂದೀಚೆಗೆ ಇವೆಂಟ್ ವ್ಯೂವರಿನಲ್ಲಿ ಕಾಣುವ ‘ಕರ್ನಲ್ ಪವರ್ 41’ ಎಂಬ ದಾಖಲೆಯನ್ನು ಸಪ್ಲೈ ಕೆಟ್ಟಿದೆ ಎಂಬ ತೀರ್ಪೆಂದು ಓದುವವರಿದ್ದಾರೆ. ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ.

ಹೊಸ ಶತಮಾನದ ಆರಂಭದಲ್ಲಿ ಕಾವಲುಗಾರನಲ್ಲದ ಒಂದು ಕಾರಣ ಲಕ್ಷಾಂತರ ಯಂತ್ರಗಳನ್ನು ಆರಿಸಿತು. ಅದು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ರೋಗ. ಈ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಯ ಸುರುಳಿ ಮತ್ತು ದ್ರವ ಎಲೆಕ್ಟ್ರೊಲೈಟ್ ಇರುತ್ತವೆ. ದ್ರವದ ರಾಸಾಯನಿಕ ಸಮತೋಲ ತಪ್ಪಿದರೆ ಒಳಗೆ ಹೈಡ್ರೋಜನ್ ಅನಿಲ ಹುಟ್ಟಿ, ಚಪ್ಪಟೆ ತಲೆ ಉಬ್ಬಿ, ಕಂದು ಅಂಟು ಹೊರಬರುತ್ತದೆ. 1999ರ ಸುಮಾರಿಗೆ ತೈವಾನಿನ ಕೆಲವು ತಯಾರಕರ ಕೆಪಾಸಿಟರುಗಳು ಆಯುಷ್ಯಕ್ಕೆ ಬಹಳ ಮೊದಲೇ ಹೀಗೆ ಸಾಯತೊಡಗಿದವು. ಜಪಾನಿನ ಕಂಪನಿಯೊಂದರ ಸೂತ್ರವನ್ನು ಅರೆಬರೆಯಾಗಿ ಕದ್ದು ತಂದದ್ದೇ ಮೂಲವೆಂದು 2002–03ರಲ್ಲಿ ಉದ್ಯಮದ ಪತ್ರಿಕೆಗಳು ವರದಿ ಮಾಡಿದವು. ಆ ಕಳ್ಳತನದ ಕಥೆಯೇ ಜನರ ನೆನಪಿನಲ್ಲಿ ಉಳಿಯಿತು. ಅದೊಂದೇ ಎಲ್ಲ ವೈಫಲ್ಯವನ್ನೂ ವಿವರಿಸುವುದಿಲ್ಲ. ಹೆಸರಾಂತ ಜಪಾನೀ ತಯಾರಕರ ಕೆಲವು ಸರಣಿಗಳೂ ಅದೇ ವರ್ಷಗಳಲ್ಲಿ ಸೋತವು. ಡೆಲ್ ಕಂಪನಿ ತನ್ನ ಆಪ್ಟಿಪ್ಲೆಕ್ಸ್ ಜಿಎಕ್ಸ್270 ಮತ್ತು ಜಿಎಕ್ಸ್280 ಯಂತ್ರಗಳ ಬೋರ್ಡು ಬದಲಿಸಬೇಕಾಗಿ ಬಂದು 2005ರಲ್ಲಿ 30 ಕೋಟಿ ಡಾಲರಿನ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಂಡಿತು.

ಸಪ್ಲೈಯೊಳಗೂ ಇದೇ ಜಾತಿಯ ಕೆಪಾಸಿಟರುಗಳಿವೆ. ಅವು ಒಣಗಿದಂತೆ ಒಳಗಿನ ರೋಧ ಏರುತ್ತದೆ, 12 ಮತ್ತು 5 ವೋಲ್ಟ್ ಲೈನುಗಳಲ್ಲಿ ಏರಿಳಿತ ಹೆಚ್ಚುತ್ತದೆ. ಖಾಲಿ ಕುಳಿತ ಕಂಪ್ಯೂಟರ್ ಚೆನ್ನಾಗಿಯೇ ಇದ್ದು, ಆಟ ಶುರುಮಾಡಿದಾಗ ಅಥವಾ ವಿಡಿಯೋ ಸಂಸ್ಕರಿಸುವಾಗ ಆರುವುದು ಈ ರೋಗದ ಪರಿಚಿತ ಲಕ್ಷಣ. ಶಾಖ ಇದಕ್ಕೆ ಇಂಬು ಕೊಡುತ್ತದೆ: ಉಷ್ಣತೆ 10 ಡಿಗ್ರಿ ಏರಿದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಧೂಳು ಮೆತ್ತಿದ ಫ್ಯಾನನ್ನು ಸ್ವಚ್ಛಗೊಳಿಸುವುದು ಆದ್ದರಿಂದ ಸಣ್ಣ ಕೆಲಸವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಿಂದ 105 ಡಿಗ್ರಿಯ ಕೆಪಾಸಿಟರ್ ತಂದು, ಉಬ್ಬಿದ್ದನ್ನು ಕಿತ್ತು, ಹೊಸದನ್ನು ಬೆಸೆಯುವುದು ಆ ದಶಕದ ಮೆಕ್ಯಾನಿಕ್‌ಗಳ ಕೈಗೆ ಹತ್ತಿದ ಕಸುಬು.

ಭಾರತದ ಮನೆಗಳಲ್ಲಿ ಇನ್ನೊಂದು ಕಾರಣ ಸೇರಿಕೊಂಡಿತ್ತು. ಲೋಡ್ ಶೆಡ್ಡಿಂಗ್ ದೆಸೆಯಿಂದ ಕಂಪ್ಯೂಟರಿನ ಜೊತೆಗೇ ಯುಪಿಎಸ್ ಕೊಳ್ಳುವುದು ರೂಢಿಯಾಯಿತು. ಕರೆಂಟ್ ಹೋದಾಗ ಅಗ್ಗದ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಅವಧಿಯನ್ನು ಸಪ್ಲೈಯ ದೊಡ್ಡ ಕೆಪಾಸಿಟರ್ ತನ್ನ ಸಂಗ್ರಹದಿಂದ ನಿಭಾಯಿಸಬೇಕು. ಪೂರ್ಣ ಲೋಡಿನಲ್ಲಿ ಸುಮಾರು 17 ಮಿಲಿಸೆಕೆಂಡ್ ತಾಳಬೇಕೆಂಬುದು ಎಟಿಎಕ್ಸ್‌ನ ಹಳೆಯ ಆವೃತ್ತಿಗಳ ನಿಯಮವಾಗಿತ್ತು. ಕೆಪಾಸಿಟರ್ ಮುದಿಯಾದರೆ ಆ ತಾಳಿಕೆ ಕುಗ್ಗುತ್ತದೆ. ಯುಪಿಎಸ್ ಸರಿಯಿದ್ದರೂ ಯಂತ್ರ ಮರುಪ್ರಾರಂಭವಾಗುತ್ತದೆ. ಯುರೋಪಿನಲ್ಲಿ 2001ರಿಂದ ಕಡ್ಡಾಯವಾದ ನಿಯಮವೊಂದರ ಒತ್ತಡದಿಂದ ಸಪ್ಲೈಗಳಿಗೆ ಪವರ್ ಫ್ಯಾಕ್ಟರ್ ತಿದ್ದುವ ಪಿಎಫ್‌ಸಿ ಎಂಬ ಸರ್ಕ್ಯೂಟ್ ಬಂತು. ಅದರ ಆ್ಯಕ್ಟಿವ್ ಬಗೆ ಸ್ವಚ್ಛವಾದ ಸೈನ್ ಅಲೆಯನ್ನು ನಿರೀಕ್ಷಿಸುತ್ತದೆ. ಮೆಟ್ಟಿಲಿನಾಕಾರದ ಅಲೆ ಕೊಡುವ ಅಗ್ಗದ ಯುಪಿಎಸ್ ಕೆಲವು ಸಪ್ಲೈಗಳಿಗೆ ಒಗ್ಗುವುದಿಲ್ಲ; ಬ್ಯಾಟರಿಗೆ ಬದಲಾದ ತಕ್ಷಣ ಅವು ಆರುತ್ತವೆ. ಹಳೆಯ ಯುಪಿಎಸ್ ಇಟ್ಟುಕೊಂಡು ಹೊಸ, ಒಳ್ಳೆಯ ಸಪ್ಲೈ ತಂದವರು ಆ ಸಪ್ಲೈಯನ್ನೇ ದೂರುವುದು ಇಲ್ಲಿ ಅನ್ಯಾಯ. ಮೊದಲು ಯುಪಿಎಸ್ ಬಿಟ್ಟು ನೇರ ಸಾಕೆಟ್ಟಿಗೆ ಹಾಕಿ ನೋಡಬೇಕು.

ಇಷ್ಟರಲ್ಲಿ ಲೋಡಿನ ಭಾರವೇ ಸ್ಥಳ ಬದಲಿಸಿತ್ತು. 2000ದಲ್ಲಿ ಬಂದ ಪೆಂಟಿಯಂ 4 ಪ್ರೊಸೆಸರಿಗೆ 12 ವೋಲ್ಟಿನಿಂದ ವಿದ್ಯುತ್ ಕೊಡಲು ನಾಲ್ಕು ಪಿನ್ನಿನ ಬೇರೆ ಕನೆಕ್ಟರ್ ಸೇರಿತು. 2003ರ ಪರಿಷ್ಕರಣೆಯಲ್ಲಿ 12 ವೋಲ್ಟೇ ಮುಖ್ಯ ಲೈನ್ ಆಗಿ, ಬೋರ್ಡಿನ ಕನೆಕ್ಟರ್ 24 ಪಿನ್ನಿಗೆ ಬೆಳೆಯಿತು. ಒಂದು ಲೈನಿನಲ್ಲಿ 240 ವೋಲ್ಟ್ ಆಂಪಿಯರಿಗಿಂತ ಹೆಚ್ಚು ಹರಿಯಬಾರದೆಂಬ ಸುರಕ್ಷತಾ ಮಿತಿಗೆ ತಲೆಬಾಗಿ ಆ 12 ವೋಲ್ಟನ್ನು ಹಲವು ಲೈನುಗಳಾಗಿ ಒಡೆದರು. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಎರಡು ತಂತಿಯೂ ಒಂದೇ ಲೈನಿಗೆ ಬಿದ್ದರೆ, ಒಟ್ಟು ಸಾಮರ್ಥ್ಯ ಮಿಕ್ಕಿದ್ದರೂ ಸಪ್ಲೈ ಟ್ರಿಪ್ ಆಗುತ್ತಿತ್ತು. ಈ ಮಿತಿಯನ್ನು ಇಂಟೆಲ್ ಮುಂದೆ ಸಡಿಲಿಸಿತು. 2020ರ ಕಾರ್ಡುಗಳು ಹೊಸ ತೊಡಕು ತಂದವು: ಸರಾಸರಿ 350 ವ್ಯಾಟ್ ಎಳೆಯುವ ಕಾರ್ಡ್ ಮಿಲಿಸೆಕೆಂಡಿಗೂ ಕಡಿಮೆ ಅವಧಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಎಳೆದು ಸುಮ್ಮನಾಗುತ್ತದೆ. ಕಾವಲು ಸರ್ಕ್ಯೂಟಿನ ಕಣ್ಣಿಗೆ ಅದು ಶಾರ್ಟಿನಂತೆಯೇ ಕಂಡು, ಉತ್ತಮ ದರ್ಜೆಯ ಸಪ್ಲೈಗಳೂ ಆರಿದವು. 2022ರ ಎಟಿಎಕ್ಸ್ 3.0 ಮಾನದಂಡ ಇದಕ್ಕೆ ಉತ್ತರ: 450 ವ್ಯಾಟಿಗಿಂತ ದೊಡ್ಡ ಸಪ್ಲೈ ತನ್ನ ಸಾಮರ್ಥ್ಯದ ಎರಡರಷ್ಟು ಭಾರವನ್ನು 100 ಮೈಕ್ರೋಸೆಕೆಂಡ್ ಕಾಲ ಆರದೆ ಹೊರಬೇಕು.

ಹೀಗಾಗಿ ಇಂದು ಪರೀಕ್ಷೆ ಹೊರಗಿನಿಂದ ಒಳಕ್ಕೆ ನಡೆಯಬೇಕು: ಸಾಕೆಟ್, ಅರ್ಥಿಂಗ್, ಯುಪಿಎಸ್, ಆಮೇಲೆ ಗುಂಡಿ, ಧೂಳು, ಪ್ರೊಸೆಸರಿನ ಶಾಖ, ಆಮೇಲಷ್ಟೇ ಸಪ್ಲೈ. ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದಾಗ ಫ್ಯಾನ್ ತಿರುಗಿದರೆ ಸಪ್ಲೈ ಹೊತ್ತುತ್ತದೆ ಎಂದಷ್ಟೇ ತಿಳಿಯುತ್ತದೆ. ಅಳತೆಯನ್ನು ಲೋಡ್ ಇರುವಾಗಲೇ ಮಾಡಬೇಕು: 12 ವೋಲ್ಟಿನ ಲೈನ್ 11.4ರಿಂದ 12.6ರ ನಡುವೆ, 5 ವೋಲ್ಟಿನದು 4.75ರಿಂದ 5.25ರ ನಡುವೆ ಇರಬೇಕು. ಮಲ್ಟಿಮೀಟರಿಗೆ ಕ್ಷಣಿಕ ಕುಸಿತ ಕಾಣದ ಕಾರಣ, ಸರಿಯಿದೆ ಎಂದು ಗೊತ್ತಿರುವ ಮತ್ತೊಂದು ಸಪ್ಲೈ ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಅನುಭವವಿಲ್ಲದವರು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಡಿ.ಸಿ. ಉಳಿದಿರಬಹುದು.