ಊರಿನ ಅಳಿಯ ಆಡಬಹುದೇ?

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಕ್ರಾಂತಿಯ ಮಾರನೆಯ ದಿನ ನಮ್ಮ ಕೊತ್ತತ್ತಿಯ ಕಬಡ್ಡಿ ಪಂದ್ಯ ಒಂದು ಗಂಟೆ ತಡವಾಗಿ ಶುರುವಾಯಿತು. ಮಳೆ ಬಂದಿರಲಿಲ್ಲ, ರೆಫರಿ ಮೇಷ್ಟ್ರೂ ಹೊತ್ತಿಗೆ ಸರಿಯಾಗಿ ಬಂದಿದ್ದರು. ಪಕ್ಕದ ಊರಿನವರು ತಮ್ಮ ಏಳು ಜನರ ನಡುವೆ ಎತ್ತರದ ಹುಡುಗನೊಬ್ಬನನ್ನು ನಿಲ್ಲಿಸಿದ್ದರು. ಅವನನ್ನು ಆ ಊರಿನಲ್ಲಿ ಯಾರೂ ಕಂಡವರಿಲ್ಲ.

"ಇವನ್ಯಾವೂರೋನ್ರಪ್ಪಾ?" ಎಂದು ನಮ್ಮಣ್ಣ ತಗಾದೆ ತೆಗೆದ.

"ನಮ್ಮೂರ ಅಳಿಯ ಕಣಣ್ಣ. ಹೋದ್ ವರ್ಸ ಹೆಣ್ಣು ಕೊಟ್ಟಿದ್ದೀವಿ."

ಅಳಿಯ ಆಡಬಹುದೇ? ಸುಣ್ಣದ ಗೆರೆ ಎಳೆದ ಗದ್ದೆಬಯಲಿನಲ್ಲಿ ಇದೇ ಚರ್ಚೆ. ಕೊನೆಗೆ ಹಿರಿಯರು, "ಅಳಿಯ ಅಂದ್ರೆ ಮನೆಮಗ ಇದ್ದಂಗೆ, ಆಡ್ಲಿ ಬುಡಿ" ಎಂದರು. ಆ ಅಳಿಯ ನಮ್ಮವರನ್ನು ಮೂರು ಸಲ ಖಾಲಿ ಮಾಡಿಸಿದ. ಮುಂದಿನ ವರ್ಷ ನಮ್ಮೂರಿನವರೂ ಬಿಡಲಿಲ್ಲ. ಹಬ್ಬದ ಊಟಕ್ಕಷ್ಟೇ ಬರುತ್ತಿದ್ದ ಅಳಿಯಂದಿರಲ್ಲಿ ಗಟ್ಟಿಮುಟ್ಟಾಗಿದ್ದವರನ್ನು ಹುಡುಕಿ ಚಡ್ಡಿ ಹಾಕಿಸಿ ಕಣಕ್ಕಿಳಿಸಿದರು. ಒಬ್ಬರಂತೂ ಹೋಳಿಗೆ ತಿಂದ ಹೊಟ್ಟೆಯಲ್ಲೇ ದಾಳಿಗೆ ಹೋಗಿ ಉಸಿರು ಕಟ್ಟಿ ಹಿಂದಿರುಗಿದರು.

ಈ ಹಳೆಯ ಕಥೆ ಈಗ ನೆನಪಾಗಲು ಕಾರಣ ನನ್ನ ಅಣ್ಣನ ಮೊಮ್ಮಗಳು. ಮಂಡ್ಯದ ಕಾಲೇಜಿನಲ್ಲಿ ಮೊದಲನೇ ವರ್ಷದ ಡಿಗ್ರಿ ಓದುತ್ತಿದ್ದ ಹುಡುಗಿ, ಕಬಡ್ಡಿ ತಂಡದ ಮುಖ್ಯ ದಾಳಿಗಾರ್ತಿ. ಕಳೆದ ವರ್ಷ ಕರಾವಳಿಯ ಕಾಲೇಜೊಂದರಿಂದ ಅವಳಿಗೆ ಕರೆ ಬಂತು: ಫೀಸಿಲ್ಲ, ಹಾಸ್ಟೆಲು, ಊಟ, ಶೂ ಎಲ್ಲವೂ ಅವರದೇ, ಬಂದು ನಮ್ಮ ತಂಡಕ್ಕೆ ಆಡು. ಮನೆಯಲ್ಲಿ ಹಬ್ಬವಾಗಬೇಕಿತ್ತು. ಅಣ್ಣ ಮಾತ್ರ ಮುಖ ಗಂಟು ಹಾಕಿಕೊಂಡು ಕೂತ. "ಇಲ್ಲಿ ಅವಳ ಜೊತೆ ಆಡೋ ಆರು ಹೆಣ್ಣುಮಕ್ಕಳ ಗತಿ ಏನು?" ಎಂದು ಕೇಳಿದ. ಅಳಿಯನ ವಿಚಾರದಲ್ಲಿ ಅಂದು ತಗಾದೆ ತೆಗೆದವನೇ ಇವನು. ಅವನನ್ನು ಹಳೆಯ ಕಾಲದವನೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಮಾಡಲಾಗಲಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಕಬಡ್ಡಿ ಎಲ್ಲರ ಆಟವಾದರೂ ಅದಕ್ಕೆ ಅಚ್ಚಾದ ನಿಯಮಗಳು ಬಂದದ್ದು ಮಹಾರಾಷ್ಟ್ರದಲ್ಲಿ, 1920ರ ಆಸುಪಾಸಿನಲ್ಲಿ. 1950ರಲ್ಲಿ ಅಖಿಲ ಭಾರತ ಸಂಸ್ಥೆ ಹುಟ್ಟಿತು. 1952ರಲ್ಲಿ ಗಂಡಸರ, 1955ರಲ್ಲಿ ಹೆಂಗಸರ ರಾಷ್ಟ್ರೀಯ ಪಂದ್ಯಗಳು ಶುರುವಾದವು. ಹೆಂಗಸರು ಮೂರೇ ವರ್ಷ ಹಿಂದೆ! ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಹಳ್ಳಿಗಳಲ್ಲಿ ಆಟ ನಿಂತದ್ದು ಸಂಸ್ಥೆಗಳಿಂದಲ್ಲ. ನಮ್ಮ ಸೀಮೆಗೆ ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಕಬ್ಬು ಬೆಳೆಯುವ ಮನೆಯ ಗಂಡುಮಕ್ಕಳು ಊರು ಬಿಡಬೇಕಾಗಿರಲಿಲ್ಲ. ಹತ್ತು ಹದಿನೈದು ವರ್ಷ ಅದೇ ಏಳು ಜನ ಒಟ್ಟಿಗೆ ಆಡುತ್ತಿದ್ದರು. ಹಗಲು ಆಲೆಮನೆಯಲ್ಲಿ ಒಬ್ಬರಿಗೊಬ್ಬರು ಹೆಗಲು ಕೊಟ್ಟವರು ಸಂಜೆ ಅಂಕಣದಲ್ಲೂ ಹೆಗಲು ಕೊಡುತ್ತಿದ್ದರು.

ಇದು ಯಾಕೆ ಮುಖ್ಯವೆಂದರೆ, ಕಬಡ್ಡಿಯಲ್ಲಿ ಎರಡು ಬಗೆಯ ವಿದ್ಯೆ ಇದೆ. ದಾಳಿಗೆ ಹೋಗುವವರು ಒಂಟಿ. ಮೂವತ್ತು ಸೆಕೆಂಡಿನಲ್ಲಿ ಹೋಗಿ, ಮುಟ್ಟಿ, ಹಿಂದಿರುಗಬೇಕು. ಆ ಕಾಲು, ಆ ಉಸಿರು ಅವರ ಮೈಯಲ್ಲೇ ಇರುತ್ತದೆ, ಯಾವ ಊರಿಗೆ ಹೋದರೂ ಜೊತೆಗೆ ಹೋಗುತ್ತದೆ. ಹಿಡಿಯುವವರ ವಿದ್ಯೆ ಹಾಗಲ್ಲ. ಅವರು ಕೈಗೆ ಕೈ ಹಿಡಿದು ಸರಪಳಿಯಾಗಿ ನಿಲ್ಲುತ್ತಾರೆ. ಮೂಲೆಯಲ್ಲಿರುವವಳು ಕಾಲಿಗೆ ಬಿದ್ದರೆ ಪಕ್ಕದವಳು ಅದೇ ಕ್ಷಣಕ್ಕೆ ಸೊಂಟಕ್ಕೆ ಬರಬೇಕು. ಅರೆಕ್ಷಣ ತಡವಾದರೆ ಇಬ್ಬರೂ ಔಟು. ಆ ವಿದ್ಯೆ ಒಬ್ಬರ ಮೈಯಲ್ಲಿ ಇರುವುದಿಲ್ಲ, ಇಬ್ಬರ ನಡುವೆ ಇರುತ್ತದೆ. ಒಬ್ಬರು ಎದ್ದು ಹೋದರೆ ಉಳಿದವರಿಗೂ ಅದು ಮರೆತುಹೋದಂತೆಯೇ.

ಆಟಗಾರರು ಊರು ಬಿಟ್ಟು ಹೋಗುವುದು ಮೊದಲು ನಮ್ಮ ನಾಡಿನಲ್ಲಿ ಕಂಡದ್ದು ಫುಟ್‌ಬಾಲಿನಲ್ಲಿ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಕೀರ್ತಿ ದೊಡ್ಡದು. ಆ ತಂಡದಲ್ಲಿ ಆಡಿದ್ದ, 1948ರ ಲಂಡನ್ ಒಲಿಂಪಿಕ್ಸ್‌ಗೂ ಹೋಗಿದ್ದ ಅಹಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಮುಂಚೂಣಿಯಲ್ಲಿ ಆಡಿದ ಐವರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಆ ಐವರಲ್ಲಿ ಇವರೊಬ್ಬರು. ಕ್ಲಬ್ಬು ಅಲ್ಲಿಂದ ಸಾಲಾಗಿ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಗೆದ್ದಿತು. ಕಲ್ಕತ್ತೆ ಇವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಬೆಂಗಳೂರಿನ ಮೈದಾನದಲ್ಲಿ ಇವರ ಪಕ್ಕದಲ್ಲಿ ಆಡುತ್ತಿದ್ದವರು ಏನಾದರೆಂಬುದನ್ನು ಯಾರೂ ಬರೆದಂತಿಲ್ಲ.

ಕಬಡ್ಡಿಯಲ್ಲಿ ಆಟಗಾರರನ್ನು ಊರಿನಿಂದ ಎತ್ತಿದ್ದು ದುಡ್ಡಲ್ಲ, ನೌಕರಿ. ರೈಲ್ವೆ, ಬ್ಯಾಂಕು, ಪೊಲೀಸು ಚೆನ್ನಾಗಿ ಆಡುವವರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ನಮ್ಮಲ್ಲಿ ವಿಜಯಾ ಬ್ಯಾಂಕಿನ ತಂಡ ಹೆಸರಾಗಿತ್ತು. 2019ರಲ್ಲಿ ಬ್ಯಾಂಕೇ ಇನ್ನೊಂದರೊಳಗೆ ಸೇರಿಹೋಯಿತು. ಹೆಣ್ಣುಮಕ್ಕಳ ಆಟದಲ್ಲಂತೂ ರೈಲ್ವೆಯದೇ ಮೇಲುಗೈ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ದಕ್ಷಿಣ ಮಧ್ಯ ರೈಲ್ವೆಯ ನೌಕರಿಗೆ ಸೇರಿ ರೈಲ್ವೆ ಪರ ಆಡಿದರು. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದರು, ಅರ್ಜುನ ಪ್ರಶಸ್ತಿ ಪಡೆದರು. ಹಳ್ಳಿಯ ಹೆಣ್ಣುಮಗಳಿಗೆ ತಿಂಗಳ ಸಂಬಳ, ಸ್ವಂತ ಹೆಸರು. ಊರಿನ ತಂಡ ಬಡವಾಯಿತೆಂದು ಇದಕ್ಕೆ ಯಾರಾದರೂ ಕಣ್ಣೀರು ಹಾಕಿದರೆ ನಾನು ಅವರ ಜೊತೆ ಅಳುವುದಿಲ್ಲ.

ದುಡ್ಡು ಬಂದದ್ದು 2014ರಲ್ಲಿ, ಪ್ರೊ ಕಬಡ್ಡಿಯ ಜೊತೆಗೆ. ಮೊದಲ ಹರಾಜಿನಲ್ಲಿ ಅತಿ ಹೆಚ್ಚೆಂದರೆ ರಾಕೇಶ್ ಕುಮಾರ್‌ಗೆ 12 ಲಕ್ಷ 80 ಸಾವಿರ. ನಾಲ್ಕೇ ವರ್ಷದಲ್ಲಿ ಅದು ಕೋಟಿ ದಾಟಿತು. ಹರಾಜು ಎಂಬ ಮಾತು ನಮ್ಮ ಕಡೆ ಕೇಳಿಬರುವುದು ಬೆಲ್ಲದ ಮಂಡಿಯಲ್ಲಿ, ದನಗಳ ಜಾತ್ರೆಯಲ್ಲಿ. ಟಿವಿಯಲ್ಲಿ ಮನುಷ್ಯರ ಹೆಸರು ಕೂಗಿ ಸುತ್ತಿಗೆ ಕುಟ್ಟುವುದನ್ನು ಮೊದಲ ಸಲ ನೋಡಿದಾಗ ನಮ್ಮತ್ತಿಗೆ, "ಹಲ್ಲು ನೋಡಲಿಲ್ಲವಲ್ಲ ಸದ್ಯ" ಎಂದರು.

ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಕಪ್ ಗೆದ್ದಾಗ ನಾವೆಲ್ಲ ಕುಣಿದೆವು. ಫೈನಲಿನಲ್ಲಿ 22 ಪಾಯಿಂಟು ತಂದ ಪವನ್ ಸೆಹ್ರಾವತ್ ದೆಹಲಿಯ ಹುಡುಗ. ಆದರೇನು, ನಮ್ಮ ಅಳಿಯ ಎಂದುಕೊಂಡೆವು. 2022ರಲ್ಲಿ ಅದೇ ಅಳಿಯ ಎರಡು ಕಾಲು ಕೋಟಿಗೂ ಮೇಲ್ಪಟ್ಟ ಬೆಲೆಗೆ ತಮಿಳ್ ತಲೈವಾಸ್ ಪಾಲಾದ. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿದ್ದು ಇಡೀ ವರ್ಷ ಹೊರಗೆ ಕೂತ. ಅಷ್ಟು ದುಡ್ಡು ಮಣ್ಣಾಯಿತೆಂದು ಎಲ್ಲರೂ ಅಂದುಕೊಂಡರು. ನರೇಂದರ್ ಎಂಬ ಹೊಸ ಹುಡುಗನನ್ನು ಮುಂದಿಟ್ಟುಕೊಂಡು ಆ ತಂಡ ಅದೇ ವರ್ಷ ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿತು! 2023ರಲ್ಲಿ ಪವನ್ ಮತ್ತೆ ಹರಾಜಿಗೆ ಬಂದ. ತೆಲುಗು ಟೈಟನ್ಸ್ ಕೊಟ್ಟದ್ದು 2 ಕೋಟಿ 60 ಲಕ್ಷಕ್ಕೂ ಹೆಚ್ಚು. ಆ ತಂಡ ಪಟ್ಟಿಯ ಕೊನೆಯಲ್ಲಿ ಉಳಿಯಿತು. ದಾಳಿಯನ್ನು ಕೊಳ್ಳಬಹುದು, ಸರಪಳಿಯನ್ನು ಕೊಳ್ಳಲು ಬರುವುದಿಲ್ಲ ಎಂದು ಅಣ್ಣ ಟಿವಿಗೆ ಹೇಳುತ್ತಾನೆ, ಟಿವಿ ಕೇಳುವುದಿಲ್ಲ. ಅದೇ ವರ್ಷ ಗೆದ್ದ ಪುಣೆಯವರನ್ನು ತರಬೇತುಗೊಳಿಸಿದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಗುರುಗಳೂ ವಲಸೆ ಹೋಗುತ್ತಾರೆ.

ಹೆಂಗಸರಿಗೆ? 2016ರಲ್ಲಿ ಒಂದೇ ಒಂದು ಸಲ ಮೂರು ತಂಡ ಮಾಡಿ ಆಡಿಸಿದರು. ಎರಡು ತಂಡಗಳ ನಾಯಕಿಯರು ಕನ್ನಡತಿಯರು: ಮಮತಾ ಪೂಜಾರಿ ಮತ್ತು ತೇಜಸ್ವಿನಿ ಬಾಯಿ. ಫೈನಲಿನಲ್ಲಿ ಇವರಿಬ್ಬರೇ ಎದುರಾಳಿಗಳು, ತೇಜಸ್ವಿನಿಯವರ ತಂಡ ಒಂದೇ ಪಾಯಿಂಟಿನಿಂದ ಗೆದ್ದಿತು. ತಂಡಗಳ ಹೆಸರು ಫೈರ್ ಬರ್ಡ್ಸ್, ಐಸ್ ದಿವಾಸ್, ಸ್ಟಾರ್ಮ್ ಕ್ವೀನ್ಸ್. ಗಂಡಸರ ತಂಡಗಳಿಗೆಲ್ಲ ಒಂದು ಊರೋ ನಾಡೋ ಇತ್ತು: ಬೆಂಗಳೂರು, ಪಾಟ್ನಾ, ಪುಣೆ. ಹೆಂಗಸರದಕ್ಕೆ ಬೆಂಕಿ, ಹಿಮ, ಬಿರುಗಾಳಿ. ಊರೇ ಇಲ್ಲ. ಅದನ್ನು ಓದಿದ ದಿನ ನನಗೆ ನನ್ನ ಗೆಳತಿ ನೆನಪಾದಳು.

ಮಂಡ್ಯದ ಕಾಲೇಜಿನಲ್ಲಿ 1982ರಿಂದ ಮೂರು ವರ್ಷ ನಾನೂ ಆಡಿದೆ. ನಾನು ಎಡಮೂಲೆ, ಅವಳು ನನ್ನ ಪಕ್ಕ. ಅವಳ ಕೈ ನನ್ನ ಮಣಿಕಟ್ಟಿನ ಮೇಲೆ. ಒಂದು ಸಲ ಒತ್ತಿದರೆ ನಿಲ್ಲು, ಎರಡು ಸಲ ಒತ್ತಿದರೆ ನುಗ್ಗು. ಎರಡು ವರ್ಷದಲ್ಲಿ ಆ ಒತ್ತುವುದೂ ಬೇಕಾಗಿರಲಿಲ್ಲ, ಅವಳು ಉಸಿರು ಹಿಡಿದರೆ ನನಗೆ ತಿಳಿಯುತ್ತಿತ್ತು. ಕೊನೆಯ ವರ್ಷದ ಶ್ರಾವಣದಲ್ಲಿ ಅವಳಿಗೆ ಮಳವಳ್ಳಿ ಕಡೆಯ ಗಂಡು ಗೊತ್ತಾಯಿತು. ಅಂತರ ಕಾಲೇಜು ಪಂದ್ಯ ಮುಂದಿನ ವಾರ. ಪಿ.ಟಿ. ಮೇಷ್ಟ್ರು ಅವಳ ಮನೆಗೇ ಹೋಗಿ, ಒಂದು ವಾರ ತಡೆಯಿರಿ ಎಂದು ಕೈ ಮುಗಿದರಂತೆ. ಅವಳಪ್ಪ, "ಲಗ್ನ ಮುಂದಕ್ಕಾಕೋಕೆ ಅದೇನು ಮ್ಯಾಚಾ ಮೇಷ್ಟ್ರೇ?" ಎಂದರಂತೆ.

ನಾವು ಮದುವೆಗೆ ಹೋಗಿ ಹೊಟ್ಟೆ ತುಂಬ ಉಂಡು ಬಂದೆವು. ವಾರದ ಮೇಲೆ ಹೊಸ ಹುಡುಗಿಯ ಕೈ ಹಿಡಿದು ನಿಂತೆ. ಒಳ್ಳೆಯ ಆಟಗಾರ್ತಿ, ನನಗಿಂತ ಚುರುಕು. ಆದರೆ ಅವಳು ಹೆದರಿ ಕೈ ಬಿಗಿಹಿಡಿದದ್ದನ್ನು ನಾನು ನುಗ್ಗೆಂದು ತಿಳಿದು ಬಿದ್ದೆ. ದಾಳಿಗಾರ್ತಿ ನನ್ನ ಬೆನ್ನ ಮೇಲಿಂದಲೇ ದಾಟಿ ಹೋದಳು. ಸೋತೆವು. ನಮ್ಮೂರಿನ ಕಾನೂನಿನಂತೆ ನನ್ನ ಗೆಳತಿಯ ಗಂಡ ಅವಳ ತವರಿನ ಪರ ಆಡಬಹುದಿತ್ತು. ಅವಳು ಯಾವ ಊರಿನ ಪರವೂ ಮತ್ತೆ ಆಡಲಿಲ್ಲ.

ಮೂವತ್ತು ವರ್ಷದ ಮೇಲೆ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಳು. ಮಾತಾಡುತ್ತ ನನ್ನ ಅಂಗೈ ಹಿಡಿಯದೆ ಮಣಿಕಟ್ಟು ಹಿಡಿದಿದ್ದಳು. "ಟಿವೀಲಿ ಕಬಡ್ಡಿ ಬರ್ತಿತ್ತು ಕಣೇ. ಬಾಯ್ತಪ್ಪಿ, ಅಯ್ಯೋ ಮೂಲೆ ಬಿಟ್ಕೊಟ್ಟ ಅಂದ್ಬಿಟ್ಟೆ. ನನ್ನ ಮಗ, ನಿಂಗೇನವ್ವ ಗೊತ್ತು ಅಂದ" ಎಂದು ನಕ್ಕಳು. ಅವಳು ಕಾಲೇಜಿಗೆ ಆಡಿದ್ದು ಗಂಡನ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಅಲ್ಲಿನ ಕಾಲೇಜು ಫುಟ್‌ಬಾಲಿನ ಹುಚ್ಚ. ಅದು ಕೈಯಲ್ಲಿ ಚೆಂಡು ಹಿಡಿದು ಓಡುವ ಫುಟ್‌ಬಾಲು. ಕಾಲೇಜು ಹುಡುಗರ ಪಂದ್ಯಕ್ಕೆ ಲಕ್ಷ ಜನ ಸೇರುತ್ತಾರೆಂದರೆ ನಾನು ಮೊದಲು ನಂಬಲಿಲ್ಲ. ಹಿಂದೆ ಅಲ್ಲಿ ಕಾಲೇಜು ಬದಲಿಸಿದ ಹುಡುಗ ಒಂದು ವರ್ಷ ಆಡದೆ ಕೂರಬೇಕಿತ್ತಂತೆ. 2018ರಲ್ಲಿ ಒಂದು ದೊಡ್ಡ ಪಟ್ಟಿ ಬಂತು. ಬೇರೆ ಕಾಲೇಜಿಗೆ ಹೋಗಬೇಕೆನ್ನುವವನು ಅದರಲ್ಲಿ ತನ್ನ ಹೆಸರು ಸೇರಿಸಿದರಾಯಿತು, ಹಳೆಯ ಕೋಚನ ಅಪ್ಪಣೆ ಬೇಡ. 2021ರಲ್ಲಿ ಒಂದು ಸಲ ಕೂರದೆ ಆಡಬಹುದೆಂದರು, 2024ರಲ್ಲಿ ಎಷ್ಟು ಸಲವಾದರೂ ಸರಿ, ಓದಿನಲ್ಲಿ ಪಾಸಾಗುತ್ತಿದ್ದರೆ ಸಾಕು ಎಂದರು. 2021ರಿಂದ ಹುಡುಗರು ತಮ್ಮ ಹೆಸರಿನಿಂದ ಜಾಹೀರಾತಿನ ದುಡ್ಡು ಗಳಿಸಬಹುದು. 2025ರಿಂದ ಕಾಲೇಜೇ ನೇರವಾಗಿ ಕೊಡಬಹುದು. ಕೋಚುಗಳು ಈಗ ಪ್ರತಿ ವರ್ಷ ಹೊಸದಾಗಿ ತಂಡ ಕಟ್ಟುತ್ತಾರೆ. ಪಳಗಿದವರು ಸಿಗುವಾಗ ಹೈಸ್ಕೂಲು ಮುಗಿಸಿ ಬರುವ ಎಳೆಯರಿಗೆ ಜಾಗ ಕಡಿಮೆ. "ಎಲ್ಲಾ ಹಾಳಾಗೋಯ್ತು ದೊಡ್ಡಮ್ಮ, ಯಾರಿಗೂ ನಿಷ್ಠೆ ಇಲ್ಲ" ಎಂದು ಫೋನಿನಲ್ಲಿ ಗೋಳಾಡಿದ.

ಅವನ ಗೋಳು ಕೇಳುವಾಗ ನನ್ನ ತಲೆಯಲ್ಲಿದ್ದದ್ದು ಬೇರೆ. ಅಲ್ಲಿ ಹೆಸರು ಬರೆಸುವವನು ಆಡುವವನೇ. ಹರಾಜಿನಲ್ಲಿ ಹೆಸರು ಕೂಗುವವರು ಬೇರೆಯವರು. ನನ್ನ ಗೆಳತಿಯ ಹೆಸರನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಮೇಲೆ ಅವಳಿಗೆ ತೋರಿಸಿದರು.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅವಳ್ನೇ ಕೇಳು" ಎಂದ. ಹುಡುಗಿ ಒಂದು ರಾತ್ರಿ ಯೋಚನೆ ಮಾಡಿ ಹೋಗುತ್ತೇನೆಂದಳು. ಹೋಗುವ ಮುನ್ನ ತನ್ನ ತಂಡದ ಆರು ಹುಡುಗಿಯರನ್ನೂ ಮನೆಗೆ ಕರೆದು ಊಟ ಹಾಕಿಸಿದಳು. ಅವರಲ್ಲಿ ಇಬ್ಬರು ಅತ್ತರು, ಒಬ್ಬಳು ಮಾತೇ ಆಡಲಿಲ್ಲ. ಆ ವರ್ಷ ಆ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಅಣ್ಣ ಹೇಳಿದ್ದು ಸುಳ್ಳಾಗಿರಲಿಲ್ಲ.

ಹೋದ ತಿಂಗಳು ಅವಳ ಫೋನು ಬಂತು. "ಅಜ್ಜೀ, ಇಲ್ಲಿ ನನ್ನ ಪಕ್ಕ ನಿಲ್ಲೋಳು ಬಾಗಲಕೋಟೆಯೋಳು. ನಾನು ಇಡ್ಕ ಇಡ್ಕ ಅಂದ್ರೆ, ಏನ್ ಇಡಬೇಕು, ಎಲ್ಲಿ ಇಡಬೇಕು ಅಂತ ನಿಂತ್ಬಿಡ್ತಾಳೆ. ಅವಳು ಹಿಡಿ ಅನ್ನೋಷ್ಟರಲ್ಲಿ ರೈಡರ್ ಆಚೆ ಹೋಗಿರ್ತಾಳೆ."

"ಬಾಯಲ್ಲಿ ಹೇಳ್ಬೇಡ ಮಗಾ," ಎಂದೆ, "ಅವಳ ಮಣಿಕಟ್ಟು ಹಿಡ್ಕೊ."