‘ಶಿಕ್ಷಾ’ ಶಬ್ದದ ಅರ್ಥಸಂಚಾರ

ಸಂಸ್ಕೃತದಿಂದ ದೇಶಭಾಷೆಗಳಿಗೆ ಬಂದ ಶಬ್ದಗಳು ಎಲ್ಲ ಭಾಷೆಗಳಲ್ಲಿಯೂ ಒಂದೇ ಅರ್ಥವನ್ನು ಹೇಳುತ್ತವೆಯೆಂಬ ನಂಬಿಕೆಯು ಬಹುಮಂದಿಗೆ ಇರುವುದು. ರೂಪವು ಒಂದಾಗಿರುವಾಗ ಅರ್ಥವೂ ಒಂದೇ ಇರಬೇಕೆಂದು ಬಗೆಯುವುದು ಸಹಜವೇ ಸರಿ. ಆದರೆ ಈ ನಂಬಿಕೆಯು ಎಷ್ಟು ದೂರ ನಿಲ್ಲತಕ್ಕುದೆಂಬುದನ್ನು ಪರೀಕ್ಷಿಸಲು ‘ಶಿಕ್ಷಾ’ ಎಂಬ ಒಂದು ಶಬ್ದವೇ ಸಾಕಾಗಿದೆ. ಹಿಂದೀ ಭಾಷೆಯಲ್ಲಿ ಇದಕ್ಕೆ ವಿದ್ಯಾಭ್ಯಾಸವೆಂದರ್ಥ. ಕನ್ನಡದಲ್ಲಿ ‘ಶಿಕ್ಷೆ’ ಎಂದರೆ ದಂಡನೆ. ೨೦೦೦-೦೧ರಲ್ಲಿ ಕೇಂದ್ರ ಸರಕಾರದವರು ‘ಸರ್ವ ಶಿಕ್ಷಾ ಅಭಿಯಾನ’ವೆಂಬ ಯೋಜನೆಯನ್ನು ಆರಂಭಿಸಿದರು. ಆ ಹೆಸರು ಕನ್ನಡಿಗನ ಕಿವಿಗೆ ಸರ್ವರನ್ನೂ ದಂಡಿಸುವ ಕಾರ್ಯಕ್ರಮದಂತೆ ಕೇಳಿಸುವುದು. ನಮ್ಮ ನಾಡಿನಲ್ಲಿ ಅದನ್ನು ‘ಸರ್ವ ಶಿಕ್ಷಣ ಅಭಿಯಾನ’ವೆಂದು ಕರೆದದ್ದು ಯುಕ್ತವೇ ಆಯಿತು.

ಈ ಭೇದವನ್ನು ಕಂಡವರು ಸಾಮಾನ್ಯವಾಗಿ ಒಂದು ತೀರ್ಪನ್ನು ಕೊಟ್ಟುಬಿಡುತ್ತಾರೆ: ಉತ್ತರದವರು ಶಬ್ದದ ಶುದ್ಧಾರ್ಥವನ್ನು ಉಳಿಸಿಕೊಂಡರು, ದಕ್ಷಿಣದವರು ಅದನ್ನು ಕೆಡಿಸಿದರು ಎಂದು. ಈ ತೀರ್ಪು ನಿಲ್ಲುವಂತಹುದಲ್ಲವೆಂದೂ, ದಂಡನಾರ್ಥದ ಬೀಜವು ಪ್ರಾಚೀನ ಪಾಠಶಾಲೆಯಲ್ಲಿಯೇ ಬಿತ್ತಲ್ಪಟ್ಟಿತೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶವು.

೧. ಧಾತ್ವರ್ಥ

ಮೊದಲು ವ್ಯುತ್ಪತ್ತಿಯನ್ನು ನೋಡೋಣ. ಶಕ್ತಿವಾಚಕವಾದ ‘ಶಕ್’ ಧಾತುವಿನ ಮೇಲೆ ಇಚ್ಛಾರ್ಥದಲ್ಲಿ ‘ಸನ್’ ಪ್ರತ್ಯಯವು ಬಂದಾಗ, ಪಾಣಿನಿಯ ೭-೪-೫೪ನೆಯ ಸೂತ್ರದಿಂದ ಧಾತುವಿನ ಸ್ವರಕ್ಕೆ ‘ಇಸ್’ ಎಂಬ ಆದೇಶವೂ, ೭-೪-೫೮ನೆಯ ಸೂತ್ರದಿಂದ ಅಭ್ಯಾಸಲೋಪವೂ ಆಗಿ ‘ಶಿಕ್ಷ್’ ಎಂಬ ರೂಪವು ಸಿದ್ಧಿಸುವುದು. ‘ಶಕ್ತನಾಗಬೇಕೆಂದು ಬಯಸು’ ಎಂಬುದೇ ಇದರ ಮೂಲಾರ್ಥ. ಧಾತುಪಾಠದಲ್ಲಿ ‘ಶಿಕ್ಷ’ ಎಂಬುದನ್ನು ವಿದ್ಯೆಯನ್ನು ಸಂಪಾದಿಸುವ ಅರ್ಥದಲ್ಲಿ ಪ್ರತ್ಯೇಕ ಧಾತುವಾಗಿಯೂ ಪಠಿಸಿದೆ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಶಬ್ದವು ಕಲಿಯುವವನ ಕಡೆಗೆ ನಿಂತಿದೆಯೇ ಹೊರತು ಕಲಿಸುವವನ ಕೈಯಲ್ಲಿರುವ ಕೋಲಿನ ಕಡೆಗಲ್ಲ.

ವೇದದ ಪ್ರಯೋಗವೂ ಇದನ್ನೇ ಸಮರ್ಥಿಸುವುದು. ಋಗ್ವೇದದ ಏಳನೆಯ ಮಂಡಲದ ಮಂಡೂಕಸೂಕ್ತದಲ್ಲಿ, ಒಂದು ಕಪ್ಪೆಯ ಕೂಗನ್ನು ಮತ್ತೊಂದು ಅನುಸರಿಸುವುದನ್ನು ಗುರುವಿನ ಮಾತನ್ನು ಶಿಷ್ಯನು ಅನುವಾದಮಾಡುವುದಕ್ಕೆ ಹೋಲಿಸಿದೆ. ಅಲ್ಲಿ ಗುರುವಿಗೆ ‘ಶಾಕ್ತ’ನೆಂದೂ ಕಲಿಯುವವನಿಗೆ ‘ಶಿಕ್ಷಮಾಣ’ನೆಂದೂ ಹೆಸರು. ಶಕ್ತಿಯನ್ನು ಪಡೆದವನು ಒಬ್ಬ, ಪಡೆಯಬಯಸುವವನು ಇನ್ನೊಬ್ಬ. ಎರಡು ಶಬ್ದಗಳೂ ಒಂದೇ ಧಾತುವಿನ ಮಕ್ಕಳು.

ಅನಂತರದ ಕಾಲದಲ್ಲಿ ಶಬ್ದವು ವೇದಾಂಗಗಳಲ್ಲೊಂದಕ್ಕೆ ಸಂಜ್ಞೆಯಾಯಿತು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ ಎಂಬ ಆರು ಅದರ ವಿಷಯಗಳೆಂದು ಹೇಳಿದೆ. ಅಮರಸಿಂಹನು ಶಬ್ದಾದಿವರ್ಗದಲ್ಲಿ ಶಿಕ್ಷೆಯನ್ನು ವೇದಾಂಗವೆಂದು ಹೇಳಿದ್ದಾನೆ. ಕ್ಷತ್ರಿಯವರ್ಗದಲ್ಲಿ ದಂಡಕ್ಕೆ ಪರ್ಯಾಯಗಳಾಗಿ ಸಾಹಸ, ದಮ ಎಂಬುವನ್ನು ಕೊಟ್ಟಿರುವಾಗ ಅಲ್ಲಿ ಶಿಕ್ಷೆಯ ಹೆಸರನ್ನೆತ್ತಿಲ್ಲ. ಪಾಲಿಭಾಷೆಯ ‘ಸಿಕ್ಖಾ’ ಶಬ್ದವೂ ಶೀಲ, ಚಿತ್ತ, ಪ್ರಜ್ಞೆ ಎಂಬ ಮೂರರ ಅಭ್ಯಾಸವನ್ನು ಹೇಳುವುದು. ಗೃಹಸ್ಥರು ಸ್ವೀಕರಿಸುವ ಪಂಚಶೀಲಗಳಿಗೆ ‘ಸಿಕ್ಖಾಪದ’ಗಳೆಂದೇ ಹೆಸರು. ಹೀಗಿರಲು ದಂಡನಾರ್ಥವು ಎಲ್ಲಿಂದ ಬಂದಿತು?

೨. ‘ಶಾಸ್’ ಧಾತುವಿನ ನೆರೆ

‘ಶಿಕ್ಷ್’ ಧಾತುವಿನ ಪಕ್ಕದಲ್ಲಿಯೇ ‘ಶಾಸ್’ ಎಂಬ ಇನ್ನೊಂದು ಧಾತುವಿದೆ. ಶಾಸ್ತ್ರ, ಶಾಸನ, ಅನುಶಾಸನ, ಶಿಷ್ಟ, ಶಿಷ್ಯ ಇವೆಲ್ಲವೂ ಅದರಿಂದ ಹುಟ್ಟಿದುವು. ‘ಶಿಷ್ಯ’ ಶಬ್ದವನ್ನು ‘ಶಿಕ್ಷ್’ ಧಾತುವಿನಿಂದ ಬಂದುದೆಂದು ಅನೇಕರು ತಿಳಿಯುವುದುಂಟು; ವಸ್ತುತಃ ಅದು ೩-೧-೧೦೯ನೆಯ ಸೂತ್ರದಿಂದ ‘ಶಾಸ್’ ಧಾತುವಿಗೆ ‘ಕ್ಯಪ್’ ಪ್ರತ್ಯಯವು ಬಂದು ಆದುದು. ಶಾಸನಕ್ಕೆ ಅರ್ಹನಾದವನೇ ಶಿಷ್ಯನು.

ಈ ‘ಶಾಸ್’ ಧಾತುವು ಮೊದಲಿನಿಂದಲೂ ಎರಡು ಮುಖಗಳುಳ್ಳದ್ದು. ತೈತ್ತಿರೀಯದಲ್ಲಿ ಆಚಾರ್ಯನು ವೇದವನ್ನು ಹೇಳಿಕೊಟ್ಟ ಬಳಿಕ ಅಂತೇವಾಸಿಗೆ ಮಾಡುವ ಹಿತೋಪದೇಶವು ಅನುಶಾಸನ. ಧರ್ಮಶಾಸ್ತ್ರದಲ್ಲಿ ಅರಸನು ಅಪರಾಧಿಯನ್ನು ದಂಡಿಸುವುದೂ ಶಾಸನವೇ. ಗೌತಮಧರ್ಮಸೂತ್ರದ ಒಂದು ವಿಧಿಯಲ್ಲಿ ಈ ಎರಡು ಮುಖಗಳೂ ಒಟ್ಟಿಗೆ ಕಾಣಬರುತ್ತವೆ. ಶಿಷ್ಯನನ್ನು ತಿದ್ದುವುದು ಹೊಡೆಯದೆ ಆಗಬೇಕು. ಅದು ಸಾಧ್ಯವಾಗದಿದ್ದರೆ ತೆಳುವಾದ ಹಗ್ಗದಿಂದಲೋ ಸೀಳಿದ ಬಿದಿರಿನಿಂದಲೋ ಆಗಬಹುದು. ಬೇರೆ ಯಾವುದರಿಂದಲಾದರೂ ಹೊಡೆದ ಗುರುವನ್ನು ಅರಸನು ದಂಡಿಸಬೇಕು ಎಂದು ಅದರ ತಾತ್ಪರ್ಯ. ಶಿಷ್ಯನನ್ನು ತಿದ್ದುವುದಕ್ಕೂ ಗುರುವನ್ನು ದಂಡಿಸುವುದಕ್ಕೂ ಸೂತ್ರಕಾರನು ಬಳಸಿರುವುದು ಒಂದೇ ಧಾತುವನ್ನು. ‘ಶಿಕ್ಷಾ’ ಶಬ್ದವು ಧ್ವನಿಯಲ್ಲಿಯೂ ವಿಷಯದಲ್ಲಿಯೂ ಸಮೀಪವಾದ ಈ ಕುಟುಂಬದ ಸಹವಾಸದಿಂದ ಅದರ ಎರಡನೆಯ ಅರ್ಥವನ್ನೂ ಪಡೆಯಿತೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ. ‘ವಿನಯ’ ಶಬ್ದಕ್ಕೂ ಇದೇ ಗತಿಯಾಗಿದೆ. ಕೌಟಿಲ್ಯನಲ್ಲಿ ಅದು ರಾಜಕುಮಾರನ ಶಿಕ್ಷಣ, ಬೌದ್ಧರಲ್ಲಿ ಭಿಕ್ಷುಗಳ ನಿಯಮ, ಸ್ಮೃತಿಕಾರರಲ್ಲಿ ದಂಡನೆ, ಕನ್ನಡದಲ್ಲಿ ನಮ್ರತೆ.

೩. ಪಾಠಶಾಲೆಯ ಸಾಕ್ಷ್ಯ

ಧಾತುಗಳ ನೆರೆಹೊರೆಯೊಂದೇ ಅರ್ಥವನ್ನು ಬದಲಿಸಲಾರದು, ಆಚಾರವೂ ಕೂಡಬೇಕು. ಅದಕ್ಕೆ ಮಹಾಭಾಷ್ಯವೇ ಸಾಕ್ಷಿ. ಉದಾತ್ತವನ್ನು ಹೇಳಬೇಕಾದಲ್ಲಿ ಅನುದಾತ್ತವನ್ನು ಹೇಳಿದ ಹುಡುಗನಿಗೆ ಉಪಾಧ್ಯಾಯನು ಕಪಾಳಕ್ಕೆ ಏಟು ಕೊಟ್ಟು, ತಪ್ಪಾಯಿತೆಂದು ತಿಳಿಸುವನೆಂದು ಪತಂಜಲಿಯು ಲೋಕರೂಢಿಯನ್ನು ದೃಷ್ಟಾಂತವಾಗಿ ಹೇಳುತ್ತಾನೆ. ಸ್ವರದೋಷವೆಂಬುದು ಶಿಕ್ಷಾಶಾಸ್ತ್ರದ ವಿಷಯವೆಂಬುದನ್ನು ಇಲ್ಲಿ ನೆನೆಯಬೇಕು. ಕ್ರಿಸ್ತಪೂರ್ವದ ಆ ಪಾಠಶಾಲೆಯಲ್ಲಿ ‘ಶಿಕ್ಷಾ’ ತಪ್ಪಿದವನಿಗೆ ‘ಶಿಕ್ಷೆ’ಯು ಕೂಡಲೇ ದೊರೆಯುತ್ತಿತ್ತು! ಅದೇ ಭಾಷ್ಯದಲ್ಲಿ ಮತ್ತೊಂದೆಡೆ, ಗುರುಗಳು ಹೊಡೆಯುವ ಕೈಯಲ್ಲಿ ಅಮೃತವಿರುವುದೇ ಹೊರತು ವಿಷವಿಲ್ಲವೆಂದೂ, ಮುದ್ದಿನಿಂದ ದೋಷಗಳೂ ತಾಡನದಿಂದ ಗುಣಗಳೂ ಬರುವುವೆಂದೂ ಹೇಳುವ ಶ್ಲೋಕವಿದೆ.

ಆದರೆ ನಮ್ಮ ಪೂರ್ವಿಕರೆಲ್ಲರೂ ತಾಡನಪಕ್ಷಪಾತಿಗಳೆಂದು ತಿಳಿಯಬಾರದು. ಗೌತಮನ ನಿಯಮವನ್ನು ಮೇಲೆ ಕಂಡೆವು. ಆಪಸ್ತಂಬನು ಗದರಿಸುವುದು, ಉಪವಾಸ, ತಣ್ಣೀರಿನ ಸ್ನಾನ, ಗುರುವಿನ ಕಣ್ಣೆದುರಿಗೆ ಬಾರದಂತೆ ಮಾಡುವುದು ಎಂಬಿಷ್ಟನ್ನೇ ದಂಡವಾಗಿ ಹೇಳಿ, ತಪ್ಪನ್ನು ಬಿಡುವವರೆಗೆ ಮಾತ್ರ ಅವು ನಡೆಯಬೇಕೆಂದು ವಿಧಿಸುತ್ತಾನೆ. ಮನುವು ಹೊಡೆಯುವುದಕ್ಕೆ ಅನುಮತಿಯಿತ್ತರೂ ಬೆನ್ನಿನ ಮೇಲಲ್ಲದೆ ತಲೆಯ ಮೇಲೆ ಎಂದಿಗೂ ಕೂಡದೆಂದೂ, ಮೀರಿದವನಿಗೆ ಕಳ್ಳನ ಪಾಪವು ಬರುವುದೆಂದೂ ಎಂಟನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದಾನೆ. ಇಷ್ಟು ನಿರ್ಬಂಧಗಳನ್ನು ಹಾಕಬೇಕಾಯಿತೆಂಬುದರಿಂದಲೇ ರೂಢಿಯು ಎಷ್ಟು ಪ್ರಬಲವಾಗಿತ್ತೆಂಬುದು ವ್ಯಕ್ತಪಡುವುದು.

೪. ದೇಶಭಾಷೆಗಳಲ್ಲಿ ವಿಭಾಗ

ಹೀಗೆ ಕಲಿಕೆ, ದಂಡನೆ ಎಂಬ ಎರಡು ಅರ್ಥಗಳನ್ನು ‘ಶಿಕ್ಷ್’, ‘ಶಾಸ್’ ಎಂಬ ಎರಡು ಧಾತುಗಳ ಶಬ್ದಗಳು ಹೊತ್ತುಕೊಂಡು ದೇಶಭಾಷೆಗಳಿಗೆ ಬಂದುವು. ಒಂದೊಂದು ಭಾಷೆಯೂ ತನಗೆ ತೋರಿದಂತೆ ಅವುಗಳನ್ನು ಹಂಚಿಕೊಂಡಿತು. ಬಂಗಾಳಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸ, ‘ಶಾಸ್ತಿ’ ಎಂದರೆ ದಂಡನೆ. ಹಿಂದಿಯು ವಿದ್ಯೆಗೆ ‘ಶಿಕ್ಷಾ’ ಶಬ್ದವನ್ನಿಟ್ಟುಕೊಂಡು ದಂಡನೆಗೆ ‘ದಂಡ’ವನ್ನೂ ಪಾರಸೀಕದ ‘ಸಜಾ’ವನ್ನೂ ಬಳಸುವುದು. ಮರಾಠಿ, ಗುಜರಾತಿಗಳಲ್ಲಿ ‘ಶಿಕ್ಷಾ’ ದಂಡನೆ, ‘ಶಿಕ್ಷಣ’ ವಿದ್ಯಾಭ್ಯಾಸ. ತೆಲುಗಿನಲ್ಲಿ ‘ಶಿಕ್ಷ’ ದಂಡನೆ, ‘ಶಿಕ್ಷಣ’ ತರಬೇತು. ೧೮೬೦ರ ಭಾರತ ದಂಡ ಸಂಹಿತೆಗೆ ಮಲಯಾಳದಲ್ಲಿ ‘ಶಿಕ್ಷಾನಿಯಮ’ವೆಂಬ ಹೆಸರೇ ರೂಢಿಯಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಒಂದನೆಯದು: ಮರಾಠಿ, ಗುಜರಾತಿಗಳು ದ್ರಾವಿಡಭಾಷೆಗಳಲ್ಲ, ಆದುದರಿಂದ ದಂಡನಾರ್ಥವು ದ್ರಾವಿಡರು ಕೆಡಿಸಿದ್ದೆಂಬ ಮಾತು ಬಿದ್ದುಹೋಗುತ್ತದೆ. ಎರಡನೆಯದು: ಶುದ್ಧಾರ್ಥವನ್ನು ಉಳಿಸಿಕೊಂಡ ಭಾಷೆಗಳಲ್ಲಿಯೂ ಇನ್ನೊಂದು ಅರ್ಥವು ಒಳಗೇ ಹುದುಗಿದೆ. ಬಂಗಾಳಿಯಲ್ಲಿ ಒಬ್ಬನಿಗೆ ‘ಉಚಿತ ಶಿಕ್ಷಾ’ ಕೊಡುವುದೆಂದರೆ ಶಾಲೆಗೆ ಕಳುಹಿಸುವುದಲ್ಲ, ತಕ್ಕ ಶಾಸ್ತಿ ಮಾಡುವುದು. ಹಿಂದಿಯಲ್ಲಿ ‘ಸಬಕ್ ಸಿಖಾನಾ’ ಎಂದು ಗದರಿಸುವವನು ಪಾಠ ಹೇಳುವ ಉಪಾಧ್ಯಾಯನಲ್ಲ.

ಸಮುದ್ರದಾಚೆಗೂ ಇದೇ ಕವಲು ಕಾಣುತ್ತದೆ. ಸಯಾಮಿ, ಖ್ಮೇರ್ ಭಾಷೆಗಳಿಗೆ ಹೋದ ಈ ಶಬ್ದವು ಉಚ್ಚಾರಣೆಯಲ್ಲಿ ವ್ಯತ್ಯಾಸಗೊಂಡರೂ ಇಂದಿಗೂ ಅಧ್ಯಯನವೆಂಬ ಅರ್ಥವನ್ನೇ ಹೇಳುವುದು. ಮಲಯ, ಇಂಡೊನೇಷಿಯಾ ಭಾಷೆಗಳಲ್ಲಿಯಾದರೋ ‘ಸಿಕ್ಸಾ’ ಎಂದರೆ ಚಿತ್ರಹಿಂಸೆ, ಯಾತನೆ. ಆದರೆ ಜಾವಾದ್ವೀಪದ ಪಶ್ಚಿಮಭಾಗದ ಪ್ರಾಚೀನ ಸುಂಡಾ ಭಾಷೆಯಲ್ಲಿ ಶಕ ೧೪೪೦ರ, ಎಂದರೆ ಕ್ರಿ. ಶ. ೧೫೧೮ರ, ‘ಸಂಘ್ಯಾಂಗ್ ಸಿಕ್ಸಾ ಕಂಡಂಗ್ ಕರೆಸಿಯನ್’ ಎಂಬ ನೀತಿಗ್ರಂಥವಿದೆ. ಅದರ ಹೆಸರಿನಲ್ಲಿರುವ ‘ಸಿಕ್ಸಾ’ ಉಪದೇಶವೇ ಹೊರತು ಯಾತನೆಯಲ್ಲ. ಅಲ್ಲಿಯೂ ಉಪದೇಶಾರ್ಥವು ಮೊದಲು ಇದ್ದು, ದಂಡನಾರ್ಥವು ಕ್ರಮೇಣ ಅದನ್ನು ನುಂಗಿತೆಂದು ತೋರುವುದು.

೫. ಅನ್ಯಜನಾಂಗಗಳ ಶಬ್ದಗಳು

ಸಂಸ್ಕೃತದ ಸೋಂಕೇ ಇಲ್ಲದ ಭಾಷೆಗಳಲ್ಲಿಯೂ ಇದೇ ಸಂಚಾರವು ನಡೆದಿರುವುದು ಆಶ್ಚರ್ಯಕರವಾದುದು. ಗ್ರೀಕರ ‘ಪೈದೇಯಾ’ ಶಬ್ದವು ಪ್ಲೇಟೋವಿನ ಗ್ರಂಥಗಳಲ್ಲಿ ಮಾನವನನ್ನು ಪೂರ್ಣನನ್ನಾಗಿಸುವ ವಿದ್ಯೆ. ಯೆಹೂದ್ಯರ ಧರ್ಮಗ್ರಂಥವನ್ನು ಗ್ರೀಕಿಗೆ ಪರಿವರ್ತಿಸಿದವರು, ಉಪದೇಶವನ್ನೂ ಶಾಸ್ತಿಯನ್ನೂ ಒಟ್ಟಿಗೆ ಹೇಳುವ ಹೀಬ್ರೂವಿನ ‘ಮೂಸಾರ್’ ಎಂಬ ಶಬ್ದಕ್ಕೆ ಇದನ್ನೇ ಬಳಸಿದರು. ಅಂದಿನಿಂದ ಗ್ರೀಕ್ ಶಬ್ದದಲ್ಲಿಯೂ ದಂಡನಾರ್ಥವು ಬೇರೂರಿತು. ಲೂಕನ ಸುವಾರ್ತೆಯಲ್ಲಿ ಪಿಲಾತನು ಯೇಸುವನ್ನು ಹೊಡೆಸಿ ಬಿಟ್ಟುಬಿಡುವೆನೆಂದು ಹೇಳುವಾಗ ಮೂಲದಲ್ಲಿರುವುದು ಆ ಧಾತುವೇ. ಲ್ಯಾಟಿನಿನ ‘ದಿಸ್ಕಿಪ್ಲೀನಾ’ ಶಬ್ದವು ‘ಕಲಿ’ ಎಂಬರ್ಥದ ಧಾತುವಿನಿಂದ ಹುಟ್ಟಿದುದು. ಮಧ್ಯಯುಗದ ಕ್ರೈಸ್ತಮಠಗಳಲ್ಲಿ ಸಂನ್ಯಾಸಿಗಳು ದೇಹದಂಡನೆಗೆ ಉಪಯೋಗಿಸುವ ಚಾವಟಿಗೇ ಆ ಹೆಸರಾಯಿತು. ಅರಬ್ಬಿಯ ‘ತಾದೀಬ್’ ಶಬ್ದವು ಸಂಸ್ಕಾರವಾಚಕವಾದ ‘ಅದಬ್’ ಶಬ್ದದ ಬಂಧುವಾಗಿದ್ದು, ತಿದ್ದುವುದು, ದಂಡಿಸುವುದು ಎರಡನ್ನೂ ಹೇಳುತ್ತದೆ.

ಆದುದರಿಂದ ಇದು ಒಂದು ಭಾಷೆಯ ದೋಷವೂ ಅಲ್ಲ, ಒಂದು ಪ್ರಾಂತದ ಅಜ್ಞಾನವೂ ಅಲ್ಲ. ಎಲ್ಲೆಲ್ಲಿ ಕಲಿಸುವವನ ಕೈಯಲ್ಲಿ ಹೊಡೆಯುವ ಅಧಿಕಾರವೂ ಇತ್ತೋ ಅಲ್ಲಲ್ಲಿ ಕಲಿಕೆಯ ಶಬ್ದವು ಏಟಿನ ಶಬ್ದವಾಯಿತು. ಹೊಡೆಯುವವನು ತಾನು ಹೊಡೆಯುತ್ತಿದ್ದೇನೆಂದು ಹೇಳಿಕೊಳ್ಳುವುದಕ್ಕಿಂತ ಕಲಿಸುತ್ತಿದ್ದೇನೆಂದು ಹೇಳಿಕೊಳ್ಳುವುದನ್ನೇ ಇಷ್ಟಪಡುತ್ತಾನೆ. ಅಚ್ಚಗನ್ನಡದ ‘ಕಲಿಸು’ ಎಂಬ ಮಾತೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ‘ಬುದ್ಧಿ ಕಲಿಸುತ್ತೇನೆ’, ‘ತಕ್ಕ ಪಾಠ ಕಲಿಸುತ್ತೇನೆ’ ಎಂಬ ಮಾತುಗಳನ್ನು ಜಗಳದ ಬೀದಿಯಲ್ಲಿ ದಿನವೂ ಕೇಳುತ್ತೇವೆ.

೬. ಕನ್ನಡದ ವಿವೇಕ

ಕನ್ನಡವು ಈ ಗೊಂದಲವನ್ನು ಹೇಗೆ ಪರಿಹರಿಸಿಕೊಂಡಿತೆಂಬುದನ್ನು ಕಡೆಯದಾಗಿ ನೋಡಬೇಕು. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗಗಳು ‘ಮಾಲಾ’ ‘ಮಾಲೆ’ಯಾದಂತೆ ಎಕಾರಾಂತಗಳಾಗುವುದು ನಮ್ಮ ಭಾಷೆಯ ಕ್ರಮ. ಹೀಗೆ ಬಂದ ‘ಶಿಕ್ಷೆ’ ದಂಡನೆಗೆ ಮೀಸಲಾಯಿತು. ಶಾಸ್ತ್ರನಾಮವು ಮಾತ್ರ ‘ಶಿಕ್ಷಾ’ ಎಂದು ಮೂಲರೂಪದಲ್ಲಿಯೇ ಉಳಿಯಿತು. ‘ಶಿಕ್ಷಣ’, ‘ಶಿಕ್ಷಕ’, ‘ಸುಶಿಕ್ಷಿತ’ ಎಂಬುವು ವಿದ್ಯೆಯ ಪಕ್ಷದಲ್ಲಿಯೂ, ‘ಶಿಕ್ಷಿಸು’ ಎಂಬ ಕ್ರಿಯಾಪದವು ದಂಡನೆಯ ಪಕ್ಷದಲ್ಲಿಯೂ ನಿಂತುವು. ‘ಶಿಕ್ಷಣ’ವು ಈಗ ಇಷ್ಟು ಸೌಮ್ಯವಾಗಿ ಕೇಳಿಸಿದರೂ ‘ದುಷ್ಟಶಿಕ್ಷಣ, ಶಿಷ್ಟರಕ್ಷಣ’ ಎಂಬ ನುಡಿಗಟ್ಟಿನಲ್ಲಿ ಅದರ ಇನ್ನೊಂದು ಮುಖವು ಇನ್ನೂ ಉಳಿದಿದೆ. ಅಲ್ಲಿ ಅದು ಶುದ್ಧ ನಿಗ್ರಹವೇ.

ಭಾಷಾಂತರಕಾರರು ಇದರಿಂದ ತಿಳಿಯಬೇಕಾದುದು ಇಷ್ಟು. ಹಿಂದೀ, ಬಂಗಾಳಿಗಳ ‘ಶಿಕ್ಷಾ’ ಶಬ್ದವನ್ನು ಕನ್ನಡಕ್ಕೆ ತರುವಾಗ ‘ಶಿಕ್ಷಣ’ವೆಂದೋ ‘ವಿದ್ಯಾಭ್ಯಾಸ’ವೆಂದೋ ಮಾಡಬೇಕು. ಮರಾಠಿಯದನ್ನು ‘ಶಿಕ್ಷೆ’ಯೆಂದೇ ಇಡಬಹುದು. ಬೌದ್ಧರ ‘ಸಿಕ್ಖಾಪದ’ವನ್ನು ‘ಶಿಕ್ಷೆಯ ಪದ’ವೆಂದರೆ ಅನರ್ಥವಾಗುವುದು, ‘ಅಭ್ಯಾಸನಿಯಮ’ವೆಂದರೆ ಭಾವವು ತಿಳಿಯುವುದು. ವೇದಾಂಗದ ಹೆಸರನ್ನು ‘ಶಿಕ್ಷಾ’ ಎಂದು ದೀರ್ಘಾಂತವಾಗಿಯೇ ಬರೆಯಬೇಕು.

ಆದರೆ ವಿಚಾರವು ನಿಘಂಟಿನಲ್ಲಿ ಮುಗಿಯುವುದಿಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ೨೦೦೯ರ ಅಧಿನಿಯಮವು, ತನ್ನ ಹದಿನೇಳನೆಯ ಪ್ರಕರಣದಲ್ಲಿ, ಯಾವ ಮಗುವನ್ನೂ ದೈಹಿಕ ಶಿಕ್ಷೆಗಾಗಲಿ ಮಾನಸಿಕ ಕಿರುಕುಳಕ್ಕಾಗಲಿ ಗುರಿಮಾಡಕೂಡದೆಂದು ನಿಷೇಧಿಸಿದೆ. ಕನ್ನಡದಲ್ಲಿ ಇದನ್ನು ‘ಶಿಕ್ಷಣದಲ್ಲಿ ಶಿಕ್ಷೆ ಕೂಡದು’ ಎಂದು ಎರಡೇ ಶಬ್ದಗಳ ಭೇದದಿಂದ ಹೇಳಬಹುದು. ಎರಡಕ್ಕೂ ಒಂದೇ ಶಬ್ದವನ್ನುಳ್ಳ ಭಾಷೆಗೆ ಈ ಸೌಲಭ್ಯವಿಲ್ಲ. ತಾಡನವಿಲ್ಲದೆ ವಿದ್ಯೆಯು ಬಾರದೆಂದು ಹಳೆಯ ಶ್ಲೋಕವನ್ನು ಆಧಾರವಾಗಿ ತೋರಿಸುವವರು ಇನ್ನೂ ನಮ್ಮಲ್ಲಿದ್ದಾರೆ. ಅವರು ಗೌತಮನ ಸೂತ್ರವನ್ನೂ ಓದಬೇಕು. ಶಬ್ದದ ಮೂಲವನ್ನೂ ನೋಡಬೇಕು. ‘ಶಿಕ್ಷಾ’ ಎಂಬುದು ಮೊದಲು ಕಲಿಯುವವನು ತಾನೇ ಶಕ್ತನಾಗಬೇಕೆಂದು ಪಡುವ ಬಯಕೆಯ ಹೆಸರಾಗಿತ್ತು. ಆ ಬಯಕೆಯನ್ನು ಹುಟ್ಟಿಸುವುದು ಗುರುವಿನ ಕೆಲಸವು. ಬೆತ್ತವು ಅದನ್ನು ಹುಟ್ಟಿಸಲಾರದು.