ದೇವದಾಸಿ ನಿಷೇಧ ಕಾನೂನಿನ ಜಾರಿ: ವಿಜಯಪುರ, ತಿಕೋಟಾ, ಬಬಲೇಶ್ವರ

ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು, ಅಂದರೆ ಮಣಿಸರ ಕಟ್ಟಿ ದೇವದಾಸಿಯರಾಗಿ ದೇವರಿಗೆ ಬಿಡುವುದನ್ನು, ಅಪರಾಧವೆಂದು ಸಾರಿದ ಕರ್ನಾಟಕದ 1982ರ ಕಾಯ್ದೆಯು ವಿಜಯಪುರ ನಗರದಲ್ಲೂ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲೂ ಅನ್ವಯಿಸಿತು. ಅದರಡಿ ವಿಧಿ ನಡೆಸಿದವರಿಗೆ 3 ವರ್ಷದವರೆಗೆ ಸೆರೆವಾಸವಿದ್ದರೆ, ತಂದೆತಾಯಿ, ಪೋಷಕರು ಅಥವಾ ಬಂಧುಗಳಿಗೆ ಅದು 2ರಿಂದ 5 ವರ್ಷವಾಗಿತ್ತು. ದೂರು ಕೊಟ್ಟರೆ ಹೆತ್ತವಳೇ ಜೈಲಿಗೆ ಹೋಗಬೇಕಾದೀತೆಂಬ ಅಂಜಿಕೆಯಿಂದ ಹುಡುಗಿಯರು ಠಾಣೆಯ ಮೆಟ್ಟಿಲೇರುವುದು ಕಷ್ಟ, ಮನೆಯೊಳಗೆ ಗುಟ್ಟಾಗಿ ನಡೆದ ವಿಧಿಗೆ ಸಾಕ್ಷಿ ಸಿಗುವುದು ಇನ್ನೂ ಕಷ್ಟ. ದೇವದಾಸಿಯರ ಪುನರ್ವಸತಿ ಯೋಜನೆಯೂ 1993–94 ಮತ್ತು 2007–08ರ ಸಮೀಕ್ಷೆಗಳ ಪಟ್ಟಿಯನ್ನು ಆಧರಿಸಿದ್ದರಿಂದ, ಹೆಸರು ಬಿಟ್ಟುಹೋದವರು ಮಾಸಾಶನದಿಂದ ವಂಚಿತರಾದದ್ದು ದೊಡ್ಡ ಅನ್ಯಾಯ. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆಯು ದೇವದಾಸಿಯರ ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನೂ ಆಸ್ತಿಯ ಪಾಲನ್ನೂ ನೀಡುತ್ತದೆಯಾದರೂ, ಉಳ್ಳವನಾದ ತಂದೆ ಸಂಬಂಧವನ್ನೇ ಅಲ್ಲಗಳೆದಾಗ ಹಳ್ಳಿಯ ಬಡ ತಾಯಿಗೆ ಉಚಿತ ಕಾನೂನು ನೆರವು ಕೂಡಲೇ ದೊರೆಯದಿದ್ದರೆ ಆ ಹಕ್ಕು ಕೈಗೆಟುಕದು.